ಬೀಗ, ಮುದ್ರೆ ಮತ್ತು ಸಾಕ್ಷ್ಯ: ಗೂಢಲಿಪಿ ಮೊಕದ್ದಮೆಗಳಲ್ಲಿ ತಂತ್ರಜ್ಞ ಸ್ವಯಂಸೇವಕರ ಪಾತ್ರ

ಸುಗ್ಗಿಯ ಕಣದಲ್ಲಿ ತೂರಿ ಹಸನು ಮಾಡಿದ ಧಾನ್ಯದ ರಾಶಿಗೆ, ಅದನ್ನು ಅಳೆದು ಪಾಲು ಮಾಡುವ ತನಕ, ಒದ್ದೆ ಮಣ್ಣಿನ ಇಲ್ಲವೇ ಬೂದಿಯ ಮುದ್ರೆಯನ್ನು ಒತ್ತಿ ಇಡುವ ಪದ್ಧತಿ ನಮ್ಮ ಗ್ರಾಮಗಳಲ್ಲಿತ್ತು. ಮುದ್ರೆ ಕೊರೆದ ಮರದ ಹಲಗೆಗಳನ್ನು ಜಾನಪದ ವಸ್ತುಸಂಗ್ರಹಾಲಯಗಳಲ್ಲಿ ನೋಡಿದವರು ಅವುಗಳನ್ನು ಕೇವಲ ಅಲಂಕಾರದ ಕೆತ್ತನೆಯೆಂದು ಭಾವಿಸುವುದುಂಟು. ಈ ಮುದ್ರೆಗೆ ಕಳ್ಳನನ್ನು ತಡೆಯುವ ಬಲವಿಲ್ಲ. ಒಂದು ಹಿಡಿ ಕಾಳು ತೆಗೆದರೂ ರಾಶಿ ಜರಿದು ಮುದ್ರೆ ಒಡೆಯುತ್ತದೆ. ಒಡೆದ ಮುದ್ರೆಯು ಕೈಯಾಡಿಸಿದ್ದಕ್ಕೆ ಸಾಕ್ಷಿ ನುಡಿಯುತ್ತದೆ. ಬೀಗದ ಕೆಲಸ ಬೇರೆ, ಮುದ್ರೆಯ ಕೆಲಸ ಬೇರೆ. ಬೀಗವು ಒಳಗಿನದನ್ನು ಮರೆಮಾಡುತ್ತದೆ. ಮುದ್ರೆಯು ಒಳಗಿನದು ಬದಲಾಗಿಲ್ಲವೆಂಬುದನ್ನು ಸಾರುತ್ತದೆ. ಇಂದಿನ ನ್ಯಾಯಾಲಯಗಳಲ್ಲಿ ವಿದ್ಯುನ್ಮಾನ ಸಾಕ್ಷ್ಯದ ಕುರಿತು ನಡೆಯುತ್ತಿರುವ ವಾದವಿವಾದಗಳಲ್ಲಿ ಹೆಚ್ಚಿನವು ಈ ಎರಡು ಕೆಲಸಗಳ ಸುತ್ತಲೇ ಹೆಣೆದುಕೊಂಡಿವೆ. ಆರೋಪಿಯ ಪರವಾಗಿ ನಿಲ್ಲುವ ವಕೀಲರಿಗೆ ತಂತ್ರಜ್ಞಾನ ಬಲ್ಲವರು ಸ್ವಯಂಪ್ರೇರಣೆಯಿಂದ ಯಾವ ಬಗೆಯಲ್ಲಿ ನೆರವಾಗಿದ್ದಾರೆ, ನೆರವಾಗಬಲ್ಲರು ಎಂಬುದನ್ನು ದಕ್ಷಿಣ ಬೆಂಗಳೂರಿನ ಪರಿಸರವನ್ನು ಕೇಂದ್ರವಾಗಿರಿಸಿಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜಾನಪದದ ಅಧ್ಯಯನಕಾರರು ಈ ವಿಷಯಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಮರೆಮಾಡಿ ಹೇಳುವ ಕಲೆ ಕನ್ನಡಕ್ಕೆ ಹೊಸದಲ್ಲ. ಜನಪದರ ಒಗಟು, ಅಲ್ಲಮನ ಬೆಡಗಿನ ವಚನ, ಕನಕದಾಸರ ಮುಂಡಿಗೆ ಇವೆಲ್ಲವೂ ಮಾತನ್ನು ಎಲ್ಲರ ಎದುರಿಗಿಟ್ಟು ಅರ್ಥಕ್ಕೆ ಮಾತ್ರ ಬೀಗ ಹಾಕುವ ರಚನೆಗಳು. ಇವುಗಳಿಗಿಂತ ಭಿನ್ನವಾದುದು ಕುಮುದೇಂದು ಮುನಿಯ ‘ಸಿರಿಭೂವಲಯ’. ಅಡ್ಡಕ್ಕೆ 27, ಉದ್ದಕ್ಕೆ 27, ಒಟ್ಟು 729 ಮನೆಗಳ ಚಕ್ರಗಳಲ್ಲಿ 1ರಿಂದ 64ರವರೆಗಿನ ಅಂಕಿಗಳನ್ನು ತುಂಬಲಾಗಿದೆ. ಒಂದೊಂದು ಅಂಕಿಗೂ ಒಂದೊಂದು ಧ್ವನಿ ಗೊತ್ತಾಗಿದೆ. ಯಾವ ಮನೆಯಿಂದ ಯಾವ ಮನೆಗೆ ನಡೆಯಬೇಕೆಂಬುದನ್ನು ತಿಳಿಸುವ ‘ಬಂಧ’ ತಿಳಿಯದಿದ್ದರೆ ಓದು ಸಾಗುವುದಿಲ್ಲ. ಅಂದರೆ ಅಕ್ಷರಮಾಲೆ ಬಯಲಾಗಿದ್ದರೂ ಬಂಧವು ಕೀಲಿಕೈಯಾಗಿ ಉಳಿಯುತ್ತದೆ. ಕೃತಿಯ ಕಾಲದ ಬಗ್ಗೆ ವಿದ್ವಾಂಸರಲ್ಲಿ ತೀವ್ರವಾದ ಭಿನ್ನಾಭಿಪ್ರಾಯಗಳಿವೆ. ಆ ಚರ್ಚೆ ಇಲ್ಲಿ ಅಪ್ರಸ್ತುತ. ಗಮನಿಸಬೇಕಾದುದೆಂದರೆ, ಯಲ್ಲಪ್ಪ ಶಾಸ್ತ್ರಿಗಳ ಬಳಿಯಿದ್ದ ಈ ಕೃತಿಯನ್ನು ಕರ್ಲಮಂಗಲಂ ಶ್ರೀಕಂಠಯ್ಯನವರು 1953ರಲ್ಲಿ ಬೆಳಕಿಗೆ ತಂದಾಗ, ಕನ್ನಡ ಬೆರಳಚ್ಚು ಯಂತ್ರದ ಹಿನ್ನೆಲೆಯುಳ್ಳ ಕೆ. ಅನಂತಸುಬ್ಬರಾಯರೂ ಆ ಸಾಹಸದಲ್ಲಿ ಜೊತೆಗಿದ್ದರು. ಯಂತ್ರ ಬಲ್ಲವರೊಬ್ಬರು ಪಂಡಿತರ ಜೊತೆ ಕುಳಿತು ಅಂಕಿಗಳನ್ನು ಬಿಡಿಸಿದ ಈ ಪ್ರಸಂಗ ಮುಂದಿನ ಚರ್ಚೆಗೆ ಒಂದು ಹಿನ್ನೆಲೆಯಾಗಿ ಒದಗುತ್ತದೆ.

ಹೊರನಾಡಿನ ಮೊಕದ್ದಮೆಗಳು

ಗೂಢಲಿಪಿಗೆ ಸಂಬಂಧಿಸಿದ ಮೊಕದ್ದಮೆಗಳಲ್ಲಿ ತಂತ್ರಜ್ಞರು ಆರೋಪಿಯ ಬೆಂಬಲಕ್ಕೆ ನಿಂತ ಮೊದಲ ನಿದರ್ಶನಗಳು ಅಮೆರಿಕದಲ್ಲಿ ದೊರೆಯುತ್ತವೆ. ಫಿಲ್ ಝಿಮ್ಮರ್‌ಮನ್ ಅವರು 1991ರಲ್ಲಿ ಹೊರತಂದ ‘ಪಿ.ಜಿ.ಪಿ.’ ಎಂಬ ತಂತ್ರಾಂಶವು ದೇಶದ ಗಡಿ ದಾಟಿತೆಂಬ ಕಾರಣಕ್ಕೆ ಅವರ ಮೇಲೆ 1993ರಲ್ಲಿ ತನಿಖೆ ಆರಂಭವಾಯಿತು. ಗೂಢಲಿಪಿಯನ್ನು ಆಗ ಅಲ್ಲಿಯ ಕಾನೂನು ಶಸ್ತ್ರಾಸ್ತ್ರಗಳ ಪಟ್ಟಿಯಲ್ಲಿ ಸೇರಿಸಿತ್ತು. ಮೂರು ವರ್ಷಗಳ ನಂತರ, 1996ರ ಜನವರಿಯಲ್ಲಿ, ಆರೋಪ ಹೊರಿಸದೆಯೇ ತನಿಖೆಯನ್ನು ಕೈಬಿಡಲಾಯಿತು. ಡೇನಿಯಲ್ ಬರ್ನ್‌ಸ್ಟೀನ್ ಎಂಬ ಗಣಿತಜ್ಞ 1995ರಲ್ಲಿ ಹೂಡಿದ ದಾವೆಯಲ್ಲಿ ಗಣಕಯಂತ್ರದ ಆದೇಶಗಳೂ ಮಾತೇ, ಆದುದರಿಂದ ಅವುಗಳಿಗೆ ವಾಕ್ ಸ್ವಾತಂತ್ರ್ಯದ ರಕ್ಷಣೆಯಿದೆ ಎಂಬ ವಾದವು ಮನ್ನಣೆ ಪಡೆಯಿತು.

ಜಾನಪದದ ದೃಷ್ಟಿಯಿಂದ ಹೆಚ್ಚು ಕುತೂಹಲಕರವಾದುದು 2000ನೇ ಇಸವಿಯ ‘ಡಿಸಿಎಸ್‌ಎಸ್’ ಪ್ರಕರಣ. ಡಿ.ವಿ.ಡಿ. ತಟ್ಟೆಗಳ ಮೇಲಿನ ಬೀಗವನ್ನು ಬಿಡಿಸುವ ಕಿರು ತಂತ್ರಾಂಶವನ್ನು ಪ್ರಕಟಿಸಿದವರ ಮೇಲೆ ಚಲನಚಿತ್ರ ಕಂಪನಿಗಳು ದಾವೆ ಹೂಡಿದವು. ಹಾರ್ವರ್ಡ್ ವಿಶ್ವವಿದ್ಯಾಲಯದ ಬರ್ಕ್‌ಮನ್ ಕೇಂದ್ರವು ‘ಓಪನ್ ಲಾ’ ಎಂಬ ಹೆಸರಿನಲ್ಲಿ ಪ್ರತಿವಾದದ ಸಿದ್ಧತೆಯನ್ನೇ ಸಾರ್ವಜನಿಕರಿಗೆ ತೆರೆದಿಟ್ಟಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡೇವಿಡ್ ಟುರೆಟ್ಸ್‌ಕಿ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದು, ಒಂದೇ ವಿಧಾನವನ್ನು ಯಂತ್ರಭಾಷೆಯಲ್ಲಿಯೂ ಬಳಕೆಯ ಇಂಗ್ಲಿಷಿನಲ್ಲಿಯೂ ಬರೆಯಬಹುದೆಂದು, ಇವುಗಳ ನಡುವೆ ಗೆರೆ ಎಳೆಯುವುದು ಅಸಾಧ್ಯವೆಂದು ವಿವರಿಸಿದರು. ಆ ಬಳಿಕ ಒಬ್ಬರು ಅದನ್ನು ಪದ್ಯವಾಗಿಯೂ ಬರೆದರು, ಮತ್ತೊಬ್ಬರು ಹಾಡಾಗಿ ಹಾಡಿದರು. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನ ‘ವ್ಯವಹಾರಗಣಿತ’ವನ್ನು ಪಡೆದ ಕನ್ನಡಿಗರಿಗೆ ಲೆಕ್ಕವನ್ನು ಪದ್ಯದಲ್ಲಿ ಹೇಳುವುದು ಅಚ್ಚರಿಯ ಸಂಗತಿಯೇನಲ್ಲ. ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಪ್ರತಿವಾದಿಗಳು ಸೋತರು. ತಂತ್ರಾಂಶದ ರಚನೆಯಲ್ಲಿ ಪಾಲ್ಗೊಂಡಿದ್ದ ನಾರ್ವೆಯ ತರುಣ 2003ರಲ್ಲಿ ತನ್ನ ದೇಶದ ನ್ಯಾಯಾಲಯಗಳಲ್ಲಿ ದೋಷಮುಕ್ತನಾದ. ಸ್ವಯಂಸೇವಕರ ಶ್ರಮವು ಗೆಲುವನ್ನು ಖಚಿತಪಡಿಸುವುದಿಲ್ಲವೆಂಬುದಕ್ಕೆ ಈ ಎರಡು ಫಲಿತಾಂಶಗಳೇ ಸಾಕ್ಷಿ.

ಹೆಬ್ಬೆಟ್ಟು, ಬಾಯಿ ಮತ್ತು ಸಂಕೇತಪದ

ನಮ್ಮ ಸಂವಿಧಾನದ 20(3)ನೆಯ ವಿಧಿಯು ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತಪಡಿಸಬಾರದೆಂದು ಹೇಳುತ್ತದೆ. 1961ರ ಕಾಥಿ ಕಾಲೂ ಒಘಡ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ 11 ನ್ಯಾಯಮೂರ್ತಿಗಳ ಪೀಠವು ಬೆರಳಚ್ಚು, ಕೈಬರಹದ ಮಾದರಿ ಮುಂತಾದವು ಸಾಕ್ಷ್ಯ ನುಡಿದಂತಾಗುವುದಿಲ್ಲವೆಂದು ತೀರ್ಮಾನಿಸಿತು. ಈ ವಿಷಯದಲ್ಲಿ ಕರ್ನಾಟಕದ ಹೆಸರು ಶಾಶ್ವತವಾಗಿ ಸೇರಿಕೊಂಡುದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದ ಮೂಲಕ. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯವು ಮಂಪರು ಪರೀಕ್ಷೆಗಳಿಗಾಗಿ ದೇಶದಾದ್ಯಂತ ಹೆಸರಾಗಿದ್ದ ಕಾಲವದು. 2010ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯವು ಒಪ್ಪಿಗೆಯಿಲ್ಲದೆ ಇಂತಹ ಪರೀಕ್ಷೆ ನಡೆಸುವಂತಿಲ್ಲವೆಂದು ತೀರ್ಪಿತ್ತಿತು. ಬಿ.ಟಿ.ಎಂ. ಬಡಾವಣೆಗೆ ಹೊಂದಿಕೊಂಡ ಮಡಿವಾಳದಲ್ಲಿರುವ ಈ ಪ್ರಯೋಗಾಲಯ ನಮ್ಮ ವಿಷಯಕ್ಕೆ ಎರಡು ರೀತಿಯಲ್ಲಿ ಮುಖ್ಯ: ಆರೋಪಿಯ ಮನಸ್ಸಿನ ಬೀಗವನ್ನು ಔಷಧಿಯಿಂದ ತೆರೆಯಬಹುದೇ ಎಂಬ ಪ್ರಶ್ನೆ ಅದರ ಸುತ್ತ ಬೆಳೆಯಿತು, ಜಪ್ತಿಯಾದ ದೂರವಾಣಿ, ಗಣಕಗಳೂ ಪರೀಕ್ಷೆಗೆಂದು ಅದೇ ಬಾಗಿಲಿಗೆ ಹೋಗುತ್ತವೆ.

ಮನಸ್ಸಿನ ಬೀಗದಿಂದ ಯಂತ್ರದ ಬೀಗಕ್ಕೆ ಚರ್ಚೆ ಹೊರಳಿದುದು 2021ರ ಮಾರ್ಚ್ 12ರಂದು. ವೀರೇಂದ್ರ ಖನ್ನಾ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು, ದೂರವಾಣಿಯ ಸಂಕೇತಪದವನ್ನು ಅಥವಾ ಬೆರಳಚ್ಚನ್ನು ಕೊಡುವಂತೆ ನ್ಯಾಯಾಲಯವು ಆರೋಪಿಗೆ ಆದೇಶಿಸಬಹುದು, ಅದು ಸಾಕ್ಷ್ಯ ನುಡಿದಂತಾಗುವುದಿಲ್ಲ ಎಂದು ತೀರ್ಪಿತ್ತರು. ಕೊಡಲೊಪ್ಪದಿದ್ದರೆ ಪ್ರತಿಕೂಲ ಊಹೆಗೆ ಅವಕಾಶವಿದೆಯೆಂದೂ ಹೇಳಿದರು. ಅದೇ ತೀರ್ಪಿನಲ್ಲಿ ಆರೋಪಿಗೆ ರಕ್ಷಣೆಯಾಗಬಲ್ಲ ಮಾತುಗಳೂ ಇವೆ. ಸಾಮಾನ್ಯ ಸಂದರ್ಭಗಳಲ್ಲಿ ಶೋಧನೆಗೆ ನ್ಯಾಯಾಲಯದ ವಾರಂಟು ಬೇಕು. ಒಪ್ಪಿಗೆ ಪಡೆಯದ ಸುಳ್ಳುಪತ್ತೆ ಪರೀಕ್ಷೆ ಸಲ್ಲದು. ಯಂತ್ರದಿಂದ ದೊರೆತ ಮಾಹಿತಿಯು ತಾನಾಗಿಯೇ ಅಪರಾಧವನ್ನು ಸಾಬೀತುಪಡಿಸುವುದಿಲ್ಲ, ಅದನ್ನು ಕ್ರಮಬದ್ಧವಾಗಿ ರುಜುವಾತುಪಡಿಸಬೇಕು. ಶೋಧನೆಯ ವೇಳೆ ಅರ್ಹ ಪರಿಣತರು ಜೊತೆಗಿರಬೇಕು, ಯಂತ್ರವಿದ್ದ ಸ್ಥಿತಿಯ ಛಾಯಾಚಿತ್ರ ತೆಗೆಯಬೇಕು, ದೂರವಾಣಿಯನ್ನು ಜಾಲದ ಸಂಪರ್ಕ ತಗುಲದ ‘ಫ್ಯಾರಡೆ’ ಚೀಲದಲ್ಲಿಡಬೇಕು ಎಂಬ ಮಾರ್ಗಸೂಚಿಗಳನ್ನೂ ನ್ಯಾಯಾಲಯ ಕೊಟ್ಟಿತು. 2022ರ ಅಕ್ಟೋಬರಿನಲ್ಲಿ ದೆಹಲಿಯ ವಿಶೇಷ ಸಿ.ಬಿ.ಐ. ನ್ಯಾಯಾಲಯವೊಂದು ಮಹೇಶ್ ಕುಮಾರ್ ಶರ್ಮಾ ಪ್ರಕರಣದಲ್ಲಿ ಇದಕ್ಕೆ ಭಿನ್ನವಾದ ನಿಲುವು ತಳೆದು, ಸಂಕೇತಪದವು ಆರೋಪಿಯ ಮನಸ್ಸಿನಲ್ಲಿರುವ ವೈಯಕ್ತಿಕ ತಿಳಿವಳಿಕೆಯಾದುದರಿಂದ ಅದನ್ನು ಬಲವಂತದಿಂದ ಪಡೆಯಲಾಗದೆಂದಿತು.

ಒಂದು ಕಾಲಕ್ಕೆ ‘ಹೆಬ್ಬೆಟ್ಟಿನವರು’ ಎಂದರೆ ಓದುಬರಹ ಬಾರದವರೆಂಬ ತಾತ್ಸಾರದ ಮಾತಾಗಿತ್ತು. ಈಗ ಅದೇ ಹೆಬ್ಬೆಟ್ಟು ವಿದ್ಯಾವಂತರ ಕಿಸೆಯಲ್ಲಿರುವ ಇಡೀ ಬದುಕಿನ ಕೀಲಿಕೈಯಾಗಿದೆ. 1961ರ ತೀರ್ಪಿನ ಕಾಲದಲ್ಲಿ ಬೆರಳಚ್ಚು ಒಬ್ಬನನ್ನು ಗುರುತಿಸುವುದಕ್ಕಷ್ಟೇ ಬರುತ್ತಿತ್ತು. ಅದು ಯಾವ ಪೆಟ್ಟಿಗೆಯನ್ನೂ ತೆರೆಯುತ್ತಿರಲಿಲ್ಲ. ಈ ವ್ಯತ್ಯಾಸವನ್ನು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಡಲು ಕಾನೂನಿನ ಪಾಂಡಿತ್ಯವಷ್ಟೇ ಸಾಲದು. ಬೆರಳು ತಾಗಿದೊಡನೆ ಯಂತ್ರದೊಳಗೆ ಏನು ನಡೆಯುತ್ತದೆ, ಯಾವ ಕಡತಗಳು ತೆರೆದುಕೊಳ್ಳುತ್ತವೆ ಎಂಬುದನ್ನು ಬಲ್ಲವರು ಬೇಕು.

ತಂತ್ರಜ್ಞರು ಮಾಡಿದ ಕೆಲಸ

ಭಾರತದಲ್ಲಿ ಈ ಬಗೆಯ ನೆರವಿನ ಸ್ಪಷ್ಟ ನಿದರ್ಶನ ಮದ್ರಾಸ್ ಉಚ್ಚ ನ್ಯಾಯಾಲಯದಲ್ಲಿ ದೊರೆಯುತ್ತದೆ. ಸಾಮಾಜಿಕ ಜಾಲತಾಣಗಳ ಖಾತೆಗೆ ಆಧಾರ್ ಜೋಡಿಸಬೇಕೆಂಬ ಕೋರಿಕೆಯಿಂದ 2018ರಲ್ಲಿ ಆರಂಭವಾದ ಪ್ರಕರಣವೊಂದು, ವಾಟ್ಸಾಪಿನಲ್ಲಿ ಸಂದೇಶವನ್ನು ಮೊದಲು ಕಳುಹಿಸಿದವರು ಯಾರೆಂದು ಪತ್ತೆಹಚ್ಚಲು ಸಾಧ್ಯವೇ ಎಂಬ ಪ್ರಶ್ನೆಗೆ ತಿರುಗಿತು. ಐ.ಐ.ಟಿ. ಮದ್ರಾಸಿನ ಪ್ರಾಧ್ಯಾಪಕ ವಿ. ಕಾಮಕೋಟಿ ಅವರು ಪ್ರತಿ ಸಂದೇಶದೊಡನೆ ಮೂಲ ಕಳುಹುಗನ ಗುರುತನ್ನೂ ಸೇರಿಸಿದರೆ ಇದು ಸಾಧ್ಯವೆಂದು 2019ರಲ್ಲಿ ಸಲಹೆಯಿತ್ತರು. ಪ್ರಕರಣದಲ್ಲಿ ಮಧ್ಯಪ್ರವೇಶಿಸಿದ್ದ ಇಂಟರ್ನೆಟ್ ಫ್ರೀಡಂ ಫೌಂಡೇಶನ್ ಪರವಾಗಿ ಐ.ಐ.ಟಿ. ಮುಂಬಯಿಯ ಗೂಢಲಿಪಿ ತಜ್ಞ ಮನೋಜ್ ಪ್ರಭಾಕರನ್ ಅದಕ್ಕೆ ಲಿಖಿತ ಉತ್ತರ ಸಿದ್ಧಪಡಿಸಿದರು. ತಂತ್ರಾಂಶವನ್ನು ತಿದ್ದಿಕೊಂಡ ಅಪರಾಧಿ ಈ ಗುರುತಿನಿಂದ ಸುಲಭವಾಗಿ ತಪ್ಪಿಸಿಕೊಳ್ಳಬಲ್ಲ, ನಿರಪರಾಧಿ ಸಿಕ್ಕಿಬೀಳಬಹುದು ಎಂಬುದು ಅವರ ವಾದದ ತಿರುಳು. ಇಬ್ಬರು ವಿದ್ವಾಂಸರು ಪರಸ್ಪರ ವಿರುದ್ಧವಾದ ಅಭಿಪ್ರಾಯಗಳನ್ನು ಕಾರಣಸಹಿತವಾಗಿ ಮಂಡಿಸಿದ್ದರಿಂದ ನ್ಯಾಯಾಲಯಕ್ಕೆ ಪ್ರಶ್ನೆಯ ಎರಡೂ ಮುಖಗಳು ಕಾಣುವಂತಾಯಿತು. ಅದೇ ಪ್ರಶ್ನೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಮೂಲಕ ಮರಳಿ ಬಂದಾಗ, ಪ್ರವೀಣ್ ಅರಿಂಬ್ರತೊಡಿಯಿಲ್ ಎಂಬ ಮುಕ್ತ ತಂತ್ರಾಂಶ ಸ್ವಯಂಸೇವಕರು ಕೇರಳ ಉಚ್ಚ ನ್ಯಾಯಾಲಯದಲ್ಲಿ ತಾವೇ ಅರ್ಜಿದಾರರಾಗಿ ನಿಂತರು.

ಮುದ್ರೆಯ ವಿಚಾರ ಬಂದಾಗ ಭೀಮಾ ಕೋರೆಗಾಂವ್ ಪ್ರಕರಣವನ್ನು ನೋಡಬೇಕಾಗುತ್ತದೆ. ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಸಂಸ್ಥೆಯು ಆರೋಪಿಗಳ ವಕೀಲರ ಕೋರಿಕೆಯ ಮೇರೆಗೆ ಶುಲ್ಕ ಪಡೆಯದೆ ರೋನಾ ವಿಲ್ಸನ್ ಅವರ ಗಣಕದ ನಕಲು ಪ್ರತಿಯನ್ನು ಪರಿಶೀಲಿಸಿತು. 22 ತಿಂಗಳುಗಳ ಕಾಲ ಆ ಗಣಕವು ಹೊರಗಿನವರ ಹಿಡಿತದಲ್ಲಿತ್ತೆಂದೂ, ‘ನೆಟ್‌ವೈರ್’ ಎಂಬ ತಂತ್ರಾಂಶದ ಮೂಲಕ ದಾಖಲೆಗಳನ್ನು ಅದರಲ್ಲಿ ಇರಿಸಲಾಗಿತ್ತೆಂದೂ 2021ರ ಫೆಬ್ರುವರಿಯ ವರದಿ ಹೇಳಿತು. ರಾಷ್ಟ್ರೀಯ ತನಿಖಾ ದಳವು ಈ ವರದಿಯನ್ನು ಒಪ್ಪಲಿಲ್ಲ. 1975ರಿಂದ 1986ರವರೆಗೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಸ್ಟ್ಯಾನ್ ಸ್ವಾಮಿಯವರ ಗಣಕದ ಬಗ್ಗೆಯೂ ಇಂತಹುದೇ ವರದಿ 2022ರ ಡಿಸೆಂಬರಿನಲ್ಲಿ ಬಂತು. ಅಷ್ಟರಲ್ಲಿ, 2021ರ ಜುಲೈ 5ರಂದು, ವಿಚಾರಣೆ ಆರಂಭವಾಗುವ ಮೊದಲೇ ಅವರು ತೀರಿಕೊಂಡಿದ್ದರು. ತಂತ್ರಜ್ಞರ ನೆರವು ತಡವಾಗಿ ಬಂದರೆ ಅದು ಆರೋಪಿಗೆ ತಲುಪುವುದಿಲ್ಲ.

ಈ ಕೆಲಸದ ಒಳಗನ್ನು ತುಸು ವಿವರವಾಗಿ ನೋಡುವುದು ಅಗತ್ಯ. ಗಣಕವನ್ನು ಜಪ್ತಿ ಮಾಡಿದ ಮೇಲೆ ಅದರ ಸಂಗ್ರಹದ ಯಥಾವತ್ ನಕಲು ತೆಗೆಯುತ್ತಾರೆ. ಮೂಲಕ್ಕೂ ನಕಲಿಗೂ ಗಣಿತದ ಒಂದು ಸೂತ್ರದಿಂದ ‘ಹ್ಯಾಶ್’ ಎಂಬ ಬೆಲೆಯನ್ನು ಕಟ್ಟುತ್ತಾರೆ. ‘ಎಸ್.ಎಚ್.ಎ.-256’ ಸೂತ್ರವಾದರೆ ಅದು 64 ಚಿಹ್ನೆಗಳ ಸಾಲು. ಲಕ್ಷಾಂತರ ಪುಟಗಳಲ್ಲಿ ಒಂದು ಅಲ್ಪವಿರಾಮ ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ. ಇದು ಕಣದ ರಾಶಿಯ ಮುದ್ರೆಯಲ್ಲದೆ ಮತ್ತೇನು? ಆದರೆ ಮುದ್ರೆಯನ್ನು ಯಾವಾಗ ಒತ್ತಿದರೆಂಬುದು ಮುಖ್ಯ. ರಾಶಿಯಿಂದ ನಾಲ್ಕು ಕೊಳಗ ತೆಗೆದ ಮೇಲೆ ಒತ್ತಿದ ಮುದ್ರೆ ಎಷ್ಟು ಅಚ್ಚುಕಟ್ಟಾಗಿದ್ದರೂ ವ್ಯರ್ಥ. ಜಪ್ತಿಯ ಮಹಜರಿನಲ್ಲಿ ಪಂಚರ ಎದುರಿಗೇ ಹ್ಯಾಶ್ ಬೆಲೆ ದಾಖಲಾಯಿತೇ, ನಡುವಿನ ದಿನಗಳಲ್ಲಿ ಯಂತ್ರವನ್ನು ಯಾರಾದರೂ ಚಾಲೂ ಮಾಡಿದರೇ, ಆರೋಪಿಗೆ ಕೊಟ್ಟ ಪ್ರತಿಯ ಬೆಲೆ ಮೂಲದೊಡನೆ ತಾಳೆಯಾಗುತ್ತದೆಯೇ ಎಂಬ ಪ್ರಶ್ನೆಗಳನ್ನು ಬರೆದುಕೊಡುವುದೇ ಸ್ವಯಂಸೇವಕರು ಪಾಟೀಸವಾಲಿನಲ್ಲಿ ತೊಡಗುವ ವಕೀಲರಿಗೆ ಕೊಡಬಹುದಾದ ಬೆಲೆಯುಳ್ಳ ಸಹಾಯ. ಬೀಗ ಒಡೆದು ತೋರಿಸುವ ಸಾಹಸವನ್ನು ಯಾರೂ ಅವರಿಂದ ನಿರೀಕ್ಷಿಸಬಾರದು. ಅಂತಹ ಸಾಹಸ ಮಾಹಿತಿ ತಂತ್ರಜ್ಞಾನ ಅಧಿನಿಯಮದ 43 ಮತ್ತು 66ನೆಯ ಪ್ರಕರಣಗಳ ಅಡಿಯಲ್ಲಿ ಅವರನ್ನೇ ಆರೋಪಿಯ ಸ್ಥಾನದಲ್ಲಿ ನಿಲ್ಲಿಸಬಹುದು.

ಕಾನೂನು ಇದಕ್ಕೆ ಬಾಗಿಲು ತೆರೆದಿದೆ. ಪಿ. ಗೋಪಾಲಕೃಷ್ಣನ್ ವಿರುದ್ಧ ಕೇರಳ ರಾಜ್ಯ ಪ್ರಕರಣದಲ್ಲಿ 2019ರ ನವೆಂಬರ್ 29ರಂದು ಸರ್ವೋಚ್ಚ ನ್ಯಾಯಾಲಯವು ಸ್ಮರಣಪಟ್ಟಿಕೆಯಲ್ಲಿರುವುದು ದಾಖಲೆಯೇ ಎಂದು ಸ್ಪಷ್ಟಪಡಿಸಿತು. ಸಂತ್ರಸ್ತೆಯ ಖಾಸಗಿತನದ ಕಾರಣ ಅಲ್ಲಿ ಪ್ರತಿಯನ್ನು ಕೊಡಲಿಲ್ಲ. ಆದರೆ ಆರೋಪಿ, ಆತನ ವಕೀಲ ಹಾಗೂ ಮಾಹಿತಿ ತಂತ್ರಜ್ಞಾನ ಪರಿಣತರು ಅದನ್ನು ನೋಡಬಹುದೆಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದ ಪ್ರಮಾಣಪತ್ರದಲ್ಲಿ ಎರಡು ಭಾಗಗಳಿವೆ. ಎರಡನೆಯದಕ್ಕೆ ಪರಿಣತರು ಸಹಿ ಮಾಡಬೇಕು, ಹ್ಯಾಶ್ ಬೆಲೆಯನ್ನೂ ಬಳಸಿದ ಸೂತ್ರವನ್ನೂ ನಮೂದಿಸಬೇಕು. ಆರೋಪಿಯೂ ತನ್ನ ಸಮರ್ಥನೆಗೆ ಒಂದು ಧ್ವನಿಮುದ್ರಣವನ್ನೋ ಸಂದೇಶವನ್ನೋ ಹಾಜರುಪಡಿಸುವುದಾದರೆ ಇದೇ ನಿಯಮ ಅನ್ವಯಿಸುತ್ತದೆ. ಉಚಿತ ಕಾನೂನು ನೆರವಿನಲ್ಲಿ ಬಡವನಿಗೆ ವಕೀಲರು ದೊರೆಯುತ್ತಾರೆ. ಪರಿಣತರ ವೆಚ್ಚ ಮಾತ್ರ ಸಾಮಾನ್ಯವಾಗಿ ಆತನ ತಲೆಯ ಮೇಲೆಯೇ ಬೀಳುತ್ತದೆ. ಸ್ವಯಂಸೇವಕರ ಅಗತ್ಯ ಇಲ್ಲಿ ಎದ್ದು ಕಾಣುತ್ತದೆ.

ಇನ್ನೊಂದು ಸೂಕ್ಷ್ಮವನ್ನು ಹೇಳದೆ ಮುಂದುವರಿಯಲಾಗದು. ಕಕ್ಷಿದಾರ ವಕೀಲರಿಗೆ ಹೇಳಿದ ಗುಟ್ಟಿಗೆ ಕಾನೂನಿನ ರಕ್ಷಣೆಯಿದೆ. 1872ರ ಸಾಕ್ಷ್ಯ ಅಧಿನಿಯಮದ 127ನೆಯ ಪ್ರಕರಣವು ಆ ರಕ್ಷಣೆಯನ್ನು ವಕೀಲರ ದುಭಾಷಿಗಳಿಗೂ ಗುಮಾಸ್ತರಿಗೂ ವಿಸ್ತರಿಸಿತ್ತು; ಹೊಸ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ತಂತ್ರಜ್ಞ ಸ್ವಯಂಸೇವಕರು ಯಂತ್ರದ ಭಾಷೆಗೆ ದುಭಾಷಿಗಳೇ ಸರಿ. ಆದರೆ ಕಾನೂನು ಅವರನ್ನು ಹೆಸರಿಸಿಲ್ಲ. ಆದುದರಿಂದ ಅವರು ವಕೀಲರ ಲಿಖಿತ ಕೋರಿಕೆಯ ಮೇರೆಗೆ, ವಕೀಲರ ಕೈಕೆಳಗೆ ಕೆಲಸ ಮಾಡುವುದು ಕ್ಷೇಮ. ಆರೋಪಿಯ ಮನೆಯವರ ಮೇಲಿನ ಮರುಕದಿಂದ ನೇರವಾಗಿ ಹೋಗಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡವರು ನಾಳೆ ಸಾಕ್ಷಿಯ ಕಟಕಟೆಯಲ್ಲಿ ನಿಲ್ಲಬೇಕಾಗಬಹುದು.

ದಕ್ಷಿಣ ಬೆಂಗಳೂರಿನ ಪರಂಪರೆ

ಬಲ್ಲವರು ಬಾರದವರಿಗೆ ಬಿಡಿಸಿ ಹೇಳುವ ಪರಂಪರೆ ಈ ಭಾಗದಲ್ಲಿ ಹಳೆಯದು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಆರಂಭಿಸಿದ ಬೆಂಗಳೂರು ವಿಜ್ಞಾನ ವೇದಿಕೆ ವಿಜ್ಞಾನಿಗಳನ್ನು ಸಾಮಾನ್ಯ ಶ್ರೋತೃಗಳ ಎದುರು ನಿಲ್ಲಿಸಿತು. ಕುಲಪತಿಗಳಾಗಿ ಅವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದುದು ‘ಪರೀಕ್ಷೆಗೆ ಒಡ್ಡದೆ ನಂಬಬೇಡಿ’ ಎಂಬ ಅದೇ ಮನೋಧರ್ಮದಿಂದ. 2009ರಲ್ಲಿ ರೂಪುಗೊಂಡ ಕರ್ನಾಟಕ ಮುಕ್ತ ತಂತ್ರಾಂಶ ಆಂದೋಲನವು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳನ್ನು ಸಂಘಟಿಸಿತು. ಬಿ.ಟಿ.ಎಂ. ಬಡಾವಣೆಗೆ ಸಮೀಪದ ಗುರಪ್ಪನಪಾಳ್ಯದ ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿ ನಡೆದ ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರದಲ್ಲಿ ತಂತ್ರಜ್ಞರು ವಾರದ ಬಿಡುವಿನಲ್ಲಿ ಮಕ್ಕಳಿಗೆ ಗಣಕ ಕಲಿಸಿದರು. ಜಯನಗರದಲ್ಲಿ ನೆಲೆಗೊಂಡ, 2000ದಲ್ಲಿ ಸ್ಥಾಪಿತವಾದ ‘ಐಟಿ ಫಾರ್ ಚೇಂಜ್’ ತಂತ್ರಜ್ಞಾನ ಮತ್ತು ಸಾಮಾಜಿಕ ನ್ಯಾಯದ ಸಂಬಂಧವನ್ನೇ ತನ್ನ ಅಧ್ಯಯನದ ವಿಷಯವಾಗಿಸಿಕೊಂಡಿದೆ. ಈ ಯಾವ ಸಂಸ್ಥೆಯೂ ಮೊಕದ್ದಮೆಗಳಿಗಾಗಿ ಹುಟ್ಟಿದುದಲ್ಲ. ಆದರೆ ಕೊಳೆಗೇರಿಯ ಬಾಲಕನಿಗೆ ಕಡತವೆಂದರೇನೆಂದು ಹೇಳಿಕೊಡಬಲ್ಲವರು ನ್ಯಾಯಾಧೀಶರಿಗೂ ಹೇಳಿಕೊಡಬಲ್ಲರು. ಎರಡಕ್ಕೂ ಬೇಕಾದುದು ಒಂದೇ ತಾಳ್ಮೆ.

ಭಾಷೆಯ ತೊಡಕೂ ಇದೆ. ನಮ್ಮ ಅಧೀನ ನ್ಯಾಯಾಲಯಗಳ ಭಾಷೆ ಕನ್ನಡ. ‘ಎನ್‌ಕ್ರಿಪ್ಶನ್’ ಎಂಬುದಕ್ಕೆ ನಾವು ರೂಢಿಸಿಕೊಂಡ, ಈ ಲೇಖನದಲ್ಲಿಯೂ ಬಳಸಿರುವ ‘ಗೂಢಲಿಪಿ’ಯಲ್ಲಿ ಗೂಢಚಾರನ ನೆರಳಿದೆ. ‘ಆರೋಪಿಯು ಗೂಢಲಿಪಿಯನ್ನು ಬಳಸುತ್ತಿದ್ದನು’ ಎಂದು ಆರೋಪಪಟ್ಟಿಯಲ್ಲಿ ಓದಿದರೆ ಸಂಶಯ ತಾನಾಗಿಯೇ ಮೂಡುತ್ತದೆ. ‘ಆರೋಪಿಯು ದೂರವಾಣಿಗೆ ಬೀಗ ಹಾಕಿದ್ದನು’ ಎಂದು ಬರೆದರೆ ಯಾರೂ ಹುಬ್ಬೇರಿಸುವುದಿಲ್ಲ. ಬ್ಯಾಂಕಿನ ವ್ಯವಹಾರದಿಂದ ಮೊದಲ್ಗೊಂಡು ಮನೆಮಂದಿಯ ವಾಟ್ಸಾಪ್ ಸಂದೇಶದವರೆಗೆ ಎಲ್ಲವೂ ಇದೇ ಲಿಪಿಯಲ್ಲಿ ಸಾಗುತ್ತಿರುವಾಗ, ಪದದ ಆಯ್ಕೆಯೇ ಅರ್ಧ ತೀರ್ಪು ಕೊಟ್ಟಂತಾಗಬಾರದು. ಕನ್ನಡದಲ್ಲಿ ಸರಳವಾದ, ಪಕ್ಷಪಾತವಿಲ್ಲದ ತಾಂತ್ರಿಕ ಟಿಪ್ಪಣಿಗಳನ್ನು ಸಿದ್ಧಪಡಿಸುವುದು ತಂತ್ರಜ್ಞರೂ ಭಾಷಾ ವಿದ್ವಾಂಸರೂ ಜೊತೆಯಾಗಿ ಮಾಡಬೇಕಾದ ಕೆಲಸವೆಂದು ನನ್ನ ಅಭಿಪ್ರಾಯ.

ಸಂಶೋಧಕರಿಗೂ ಇದು ದೂರದ ವಿಷಯವಲ್ಲ. ಬನ್ನೇರುಘಟ್ಟ ರಸ್ತೆಯ ಭಾರತೀಯ ಪ್ರಬಂಧನ ಸಂಸ್ಥೆಯ ದೀಪಕ್ ಮಲಘಾಣ ಅವರೂ ಸೇರಿದಂತೆ ರಾಮ್ ರಾಮಸ್ವಾಮಿ, ಸುಜಾತಾ ಪಟೇಲ್, ಎಂ. ಮಾಧವ ಪ್ರಸಾದ್, ಮುಕುಲ್ ಕೇಶವನ್ ಎಂಬ ಐವರು ವಿದ್ವಾಂಸರು ವಿದ್ಯುನ್ಮಾನ ಸಾಧನಗಳ ಜಪ್ತಿಗೆ ಮಾರ್ಗಸೂಚಿ ಬೇಕೆಂದು 2021ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಜೀವಮಾನದ ಸಂಶೋಧನೆ ಸಾಧನದೊಡನೆ ಹೊರಟುಹೋಗುತ್ತದೆ ಎಂಬುದು ಅವರ ಅಳಲು. ನಮ್ಮ ಶಿಸ್ತಿನಲ್ಲಿ ಅದಕ್ಕಿಂತಲೂ ಮಿಗಿಲಾದ ಹೊಣೆಯಿದೆ. ನನ್ನ ಸಂಶೋಧನೆಯ ದಿನಗಳಲ್ಲಿ ಕ್ಷೇತ್ರಕಾರ್ಯದ ಕ್ಯಾಸೆಟ್ಟುಗಳನ್ನು ತಗಡಿನ ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದೆ. ‘ಇದನ್ನು ಹೊರಗೆ ಹೇಳಬೇಡಿ’ ಎಂದು ವಕ್ತೃಗಳು ಹೇಳಿಕೊಂಡ ನಾಟಿ ಮದ್ದಿನ ವಿವರ, ಮನೆತನದ ಕಲಹ, ದೈವದ ಮುಂದೆ ಮಾತ್ರ ನುಡಿಯುವ ಮಾತು ಅವುಗಳಲ್ಲಿದ್ದವು. ಇಂದು ಅಂತಹ ಧ್ವನಿಮುದ್ರಣಗಳು ನನ್ನ ದೂರವಾಣಿಯಲ್ಲಿವೆ. ಯಾವುದೋ ಸಂಬಂಧವಿಲ್ಲದ ತನಿಖೆಯಲ್ಲಿ ಅದು ಜಪ್ತಿಯಾದರೆ, ನನ್ನ ಸಂಕೇತಪದದೊಡನೆ ನನ್ನನ್ನು ನಂಬಿದವರ ಗುಟ್ಟುಗಳೂ ತೆರೆದುಕೊಳ್ಳುತ್ತವೆ. ಅವರನ್ನು ಯಾವ ನ್ಯಾಯಾಲಯವೂ ಒಪ್ಪಿಗೆ ಕೇಳಿರುವುದಿಲ್ಲ. ಸಂಬಂಧಪಟ್ಟ ಕಡತಗಳನ್ನು ಮಾತ್ರ ಬೇರ್ಪಡಿಸಿ ಉಳಿದವನ್ನು ಮುಟ್ಟದೆ ಹಿಂದಿರುಗಿಸುವುದು ತಾಂತ್ರಿಕವಾಗಿ ಸಾಧ್ಯವಿದೆಯೆಂದು ನ್ಯಾಯಾಲಯಕ್ಕೆ ಪ್ರಮಾಣಪೂರ್ವಕವಾಗಿ ಹೇಳಬಲ್ಲ ಪರಿಣತರು ಆಗ ಬೇಕಾಗುತ್ತಾರೆ.

ಪತ್ರಕರ್ತರ ಸಂಸ್ಥೆಯೊಂದು ಸಲ್ಲಿಸಿದ ಇಂತಹುದೇ ಅರ್ಜಿಯ ವಿಚಾರಣೆಯಲ್ಲಿ, 2023ರ ನವೆಂಬರಿನಲ್ಲಿ, ಸರ್ವೋಚ್ಚ ನ್ಯಾಯಾಲಯವು ತನಿಖಾ ಸಂಸ್ಥೆಗಳಿಗೆ ಎಲ್ಲೆಯಿಲ್ಲದ ಅಧಿಕಾರವಿರುವುದು ಅಪಾಯಕಾರಿಯೆಂದು ನುಡಿದು, ಮಾರ್ಗಸೂಚಿ ರೂಪಿಸುವಂತೆ ಸರ್ಕಾರಕ್ಕೆ ಹೇಳಿತು. ಅವು ಸಿದ್ಧವಾಗುವವರೆಗೆ ಕೇಂದ್ರದ ತನಿಖಾ ಸಂಸ್ಥೆಗಳು ಸಿ.ಬಿ.ಐ.ನ 2020ರ ಕೈಪಿಡಿಯನ್ನು ಅನುಸರಿಸುವುವೆಂದು ಸರ್ಕಾರವು ಮರುತಿಂಗಳು ಭರವಸೆಯಿತ್ತಿತು. ಆ ಭರವಸೆ ಕೇಂದ್ರದ ಸಂಸ್ಥೆಗಳಿಗೆ ಸಂಬಂಧಿಸಿದುದು. ಜಯನಗರದ ಅಥವಾ ಬನಶಂಕರಿಯ ಪೊಲೀಸ್ ಠಾಣೆಯಲ್ಲಿ ಜಪ್ತಿಯಾಗುವ ದೂರವಾಣಿಗೆ ವೀರೇಂದ್ರ ಖನ್ನಾ ತೀರ್ಪಿನ ಮಾರ್ಗಸೂಚಿಗಳನ್ನೂ ಹೊಸ ಕಾಯಿದೆಯನ್ನೂ ಹಿಡಿದು ವಾದಿಸಬೇಕು.